ಅನ್ನನಾಳಕ್ಕೊಂದು ಕಳ್ಳ ಕುಬಸ

ನಮ್ಮ ಕಡೆಯ ಕನ್ನಡದಲ್ಲಿ ಯಾವುದೂ ಸುಮ್ಮನೆ ಕೆಡುವುದಿಲ್ಲ, ಎಲ್ಲಕ್ಕೂ ಒಂದು ಹಟ ಇರುತ್ತದೆ. ಬೇರೆ ಕಡೆ ಗಾಡಿ ಚಾಲೂ ಆಗುವುದಿಲ್ಲ, ನಮ್ಮಲ್ಲಿ ಚಾಲೂ ಆಗವಲ್ದು. ಅಂದರೆ ಆಗಲು ಒಲ್ಲದು. ಮಳೆ ಬರವಲ್ದು, ಬಾಗಿಲು ತೆರಿವಲ್ದು, ನಳಕ್ಕೆ ನೀರು ಬರವಲ್ದು. ಬೋರ್‌ವೆಲ್ಲಿನ ಮೋಟಾರಿಗೂ ಒಂದು ಮನಸ್ಸಿದೆ ಎಂದು ನಂಬಿ ಅದನ್ನು ಬೈಯುವ ಜನ ನಾವು. ಹೀಗಿರುವಾಗ ಒಂದು ದಿನ ಇಂಡಿ ಊರಿನ ನನ್ನ ಗಂಡನ ಮನೆಯಲ್ಲಿ, ತಾಟಿನ ಮುಂದೆ ಕೂತು, ಎದೆಯ ನಡುವೆ ಕೈ ಒತ್ತಿಕೊಂಡು ನಾನು "ಊಟ ಇಳಿವಲ್ದು" ಅಂದೆ. ಒಲ್ಲದ್ದು ಯಾರು ಎಂಬ ವಿಚಾರಣೆ ಅಲ್ಲಿಂದ ಶುರುವಾಯಿತು. ಮೂರು ವರ್ಷ ನಡೆಯಿತು.

ಅತ್ತೆ ತಮ್ಮ ಕೈ ಅಡಿಗೆಗೆ ಅಂದೆ ಎಂದುಕೊಂಡರು. "ಐದ ವರ್ಷ ಉಂಡ್ಲು, ಈಗ ಇಳಿವಲ್ದಂತ" ಎಂದು ಒಲೆಯ ಕಡೆ ತಿರುಗಿ ಹೇಳಿದರು. ನಮ್ಮ ಅತ್ತೆ ಸಿಟ್ಟು ಬಂದಾಗ ಮನುಷ್ಯರ ಜೊತೆ ಮಾತಾಡುವುದಿಲ್ಲ, ಒಲೆ, ಬೆಕ್ಕು, ರೊಟ್ಟಿ ಬುಟ್ಟಿ ಇವುಗಳ ಜೊತೆ ಮಾತಾಡುತ್ತಾರೆ. ನನ್ನ ಗಂಡ, ಗೊಬ್ಬರ ಮತ್ತು ಬೆಳೆಗೆ ಹೊಡೆಯುವ ಎಣ್ಣೆಯ ಅಂಗಡಿ ಇಟ್ಟವರು, ರೋಗ ನೋಡುವುದರಲ್ಲಿ ಯಾವಾಗಲೂ ಮುಂದು. ರೈತ ಕಿಸೆಯಿಂದ ಒಂದು ಒಣಗಿದ ಎಲೆ ತೆಗೆಯುವುದರೊಳಗೆ ಇವರು ಬಾಟಲಿ ಕೈಗೆ ಕೊಟ್ಟಿರುತ್ತಾರೆ. ನನಗೂ ಹಾಗೆಯೇ ಕೊಟ್ಟರು. "ತವರಮನಿ ನೆನಪಾಗಿರಬೇಕು, ನಾಲ್ಕ ದಿನ ಮುದ್ದೇಬಿಹಾಳಕ್ಕ ಹೋಗಿ ಬಾ, ಎಲ್ಲಾ ಇಳೀತೈತಿ."

ಹೋದೆ. ಅಲ್ಲಿ ನನ್ನ ಅವ್ವ ಒಂದು ತುತ್ತಿಗೆ ಒಂದು ಲೋಟ ನೀರು ಕುಡಿಯುವ ಮಗಳನ್ನು ನೋಡಿ ತಾಟು ಸರಿಸಿ ಕೇಳಿದಳು, "ಅಲ್ಲೇನ ಮಾಡ್ಯಾರ ನಿನಗ? ಖರೇ ಹೇಳು."

"ಯಾರೂ ಏನೂ ಮಾಡಿಲ್ಲವ್ವಾ. ಊಟ ಇಳಿವಲ್ದು."

"ಅದನ್ನ ಕೇಳಾಕತ್ತೇನಿ. ಮನಸಿನ್ಯಾಗ ಸಂಕಟ ಇರಲಾರ್ದ ಯಾರಿಗೆ ಊಟ ಇಳಿಯಂಗಿಲ್ಲ?"

ಆ ಸಂಜೆಯೇ ಅವಳು ಇಂಡಿಗೆ ಫೋನ್ ಹಚ್ಚಿ ಬೀಗತಿಯ ಯೋಗಕ್ಷೇಮ ವಿಚಾರಿಸಿದಳು. ಎಷ್ಟು ಸಿಹಿಯಾಗಿ ವಿಚಾರಿಸಿದಳೆಂದರೆ ಎರಡೂ ಮನೆಗಳ ನಡುವೆ ಮಾತೇ ನಿಂತಿತು. ಹೊಟ್ಟೆಗಿಂತ ನಾಲ್ಕು ಬೆರಳು ಮೇಲೆ ಸಿಕ್ಕಿಕೊಂಡ ಒಂದು ತುಂಡು ಜೋಳದ ರೊಟ್ಟಿ ಎರಡು ತಾಲೂಕುಗಳ ಸಂಬಂಧ ಕೆಡಿಸಬಲ್ಲದು ಎಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಪುಸ್ತಕದ ಮಾತು ಬಂತು, ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ಜೀರ್ಣಾಂಗದ ಪಾಠವನ್ನು ವರ್ಷ ವರ್ಷ ಮಾಡಿದವಳು. ಬೋರ್ಡಿನ ಮೇಲೆ ಅನ್ನನಾಳ ಬರೆದು, ಅದರ ಗೋಡೆಯ ಸ್ನಾಯುಗಳು ಮೇಲಿನಿಂದ ಕೆಳಕ್ಕೆ ಅಲೆಯ ಹಾಗೆ ಹಿಂಡುತ್ತ ತುತ್ತನ್ನು ಹೊಟ್ಟೆಗೆ ತಳ್ಳುತ್ತವೆ, ಇದಕ್ಕೆ ಪೆರಿಸ್ಟಾಲ್ಸಿಸ್ ಅನ್ನುತ್ತಾರೆ, ತಲೆ ಕೆಳಗೆ ಮಾಡಿ ನಿಂತರೂ ಊಟ ಹೊಟ್ಟೆಗೇ ಹೋಗುತ್ತದೆ ಎಂದು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ಬೆಲ್ ಹೊಡೆದ ಮೇಲೆ ಸ್ಟಾಫ್ ರೂಮಿನ ಕಪಾಟಿನ ಮರೆಗೆ ಹೋಗಿ, ನಿಂತುಕೊಂಡು, ಎರಡೂ ಕೈ ಮೇಲೆತ್ತಿ, ಬೆನ್ನು ಹಿಂದಕ್ಕೆ ಬಾಗಿಸಿ, ಹಿಮ್ಮಡಿಯ ಮೇಲೆ ಎರಡು ಸಲ ಕುಪ್ಪಳಿಸಿದರೆ ನನ್ನ ಒಂದು ತುತ್ತು ಇಳಿಯುತ್ತಿತ್ತು. ಗಣಿತದ ಮಾಸ್ತರರು ಒಂದು ದಿನ ನೋಡಿಬಿಟ್ಟರು. "ಮೇಡಂ, ಯೋಗಾ ಚಾಲೂ ಮಾಡೀರೇನ್ರಿ? ಚಲೋ ಆತು" ಎಂದು ಹೋದರು.

ನೀರು ಕೂಡ ಸಿಕ್ಕಿಕೊಳ್ಳುತ್ತಿತ್ತು. ಇದನ್ನು ಇಲ್ಲೇ ಹೇಳಿಡುವುದು ಒಳ್ಳೆಯದು. ರೊಟ್ಟಿ ಸಿಕ್ಕಿದರೆ ರೊಟ್ಟಿಯ ತಪ್ಪು ಅನ್ನಬಹುದು, ನೀರು ಸಿಕ್ಕಿದರೆ ಯಾರ ತಪ್ಪು? ವಿಜ್ಞಾನದ ಟೀಚರಿಗೆ ಈ ಪ್ರಶ್ನೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನಗೆ ಹೊಳೆದದ್ದು ಊರಿಗೆಲ್ಲ ಹೊಳೆದದ್ದೇ. ಗ್ಯಾಸ್.

ಗ್ಯಾಸ್ ಎಂಬುದು ನಮ್ಮ ಜಿಲ್ಲೆಯ ಕುಲದೈವ. ಮಂಡಿ ನೋವು, ತಲೆ ಸುತ್ತು, ಎಡಗೈ ಜುಮ್ಮೆನ್ನುವುದು, ಸೊಸೆ ಮುಖ ಊದಿಸುವುದು, ಎಲ್ಲಕ್ಕೂ ಅದೇ ಮೂಲ. ಅದಕ್ಕೆ ಇಂಡಿಯ ಪರಿಹಾರ ಲಿಂಬೆ. ನಮ್ಮೂರಲ್ಲಿ ಲಿಂಬೆ ಬೆಳೆಯದವನೂ ಲಿಂಬೆಯ ಗುಣ ಬಲ್ಲ. ಗ್ಯಾಸ್ ಆಗಿದೆ ಎಂದವಳಿಗೆ ಗ್ಯಾಸ್ ತುಂಬಿದ ಸೋಡಾದಲ್ಲಿ ಲಿಂಬೆ ಹಿಂಡಿ ಕುಡಿಸುವ ವೈದ್ಯಶಾಸ್ತ್ರ ನಮ್ಮದು. ಕುಡಿದೆ. ಅದು ಎದೆಯ ನಡುವೆ ನಿಂತು, ಹಿಂದೆ ಮುಂದೆ ನೋಡಿ, ಮೂಗಿನಿಂದ ಹೊರಗೆ ಬಂತು.

ಕಡೆಗೆ ಇಂಡಿಯಲ್ಲೇ ಒಬ್ಬ ಡಾಕ್ಟರ ಹತ್ತಿರ ಹೋದೆ. ನಾನು ಸ್ಟೂಲಿನ ಮೇಲೆ ಪೂರ್ತಿ ಕೂರುವ ಮೊದಲೇ ಅವರ ಪೆನ್ನು ಅರ್ಧ ಚೀಟಿ ದಾಟಿತ್ತು.

"ಊಟ ಇಳಿವಲ್ದ್ರಿ."

"ಹಸಿವಿ ಇಲ್ಲಾ?"

"ಹಸಿವಿ ಐತ್ರಿ. ಇಳಿವಲ್ದು."

"ಹ್ಞಾಂ, ಗ್ಯಾಸ್. ಮುಂಜಾನಿ ಬರೇ ಹೊಟ್ಟಿಲೆ ಒಂದು ತಗೋರಿ. ಹೊಟ್ಟಿ ಓಡಸ್ತೈತಿ."

ಹೊಟ್ಟೆ ಓಡಿಸುವ ಆ ಗುಳಿಗೆಗೆ ಪ್ರೊಕೈನೆಟಿಕ್ ಅನ್ನುತ್ತಾರೆ, ಚಲನೆ ಹೆಚ್ಚಿಸುವ ಔಷಧ. ಹೆಸರು ಕೇಳಿದರೆ ಯಾರಿಗಾದರೂ ಭರವಸೆ ಬರಬೇಕು. ಮೂರು ತಿಂಗಳು ನುಂಗಿದೆ, ಅಂದರೆ ನುಂಗಲು ಯತ್ನಿಸಿದೆ. ಊಟ ಇಳಿಯದವಳಿಗೆ ಗುಳಿಗೆ ಹೇಗೆ ಇಳಿಯುತ್ತದೆ ಎಂದು ಯಾರೂ ಕೇಳಲಿಲ್ಲ. ಮುಂಜಾನೆ ನುಂಗಿದ್ದು ಕೆಲವು ಸಲ ಸಾಲೆಯ ಪ್ರಾರ್ಥನೆಯ ಹೊತ್ತಿಗೆ ಬಾಯಿಗೆ ವಾಪಸ್ ಬರುತ್ತಿತ್ತು. ರಾಷ್ಟ್ರಗೀತೆ ಮುಗಿಯುವ ತನಕ ಅದನ್ನು ದವಡೆಯಲ್ಲಿ ಇಟ್ಟುಕೊಂಡು ನಿಂತದ್ದುಂಟು.

ಸಿಂದಗಿಗೆ ಕೊಟ್ಟ ನನ್ನ ನಾದಿನಿ, ಗಂಡನ ಅಕ್ಕ, ಇದನ್ನು ಕೇಳಿ ನಕ್ಕಳು. ಇಂಡಿಯವರಿಗೆ ಕೈಗುಣ ಇಲ್ಲವಂತೆ, ಕೈಗುಣ ಏನಿದ್ದರೂ ಸಿಂದಗಿಯಲ್ಲೇ. ಅಲ್ಲಿನ ಡಾಕ್ಟರು ನನ್ನ ಹೊಟ್ಟೆಯನ್ನು ಒತ್ತಿ ನೋಡಿದರು. ಹೊಟ್ಟೆ ಚೆನ್ನಾಗಿಯೇ ಇತ್ತು, ಅಲ್ಲಿಗೆ ಏನೂ ತಲುಪದೇ ಇದ್ದುದರಿಂದ ಅದಕ್ಕೆ ಯಾವ ತೊಂದರೆಯೂ ಇರಲಿಲ್ಲ. ಕೆಂಪು ಬಿಳಿ ಕ್ಯಾಪ್ಸೂಲ್ ಬರೆದರು. ಮುದ್ದೇಬಿಹಾಳದ ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಅವ್ವನ ಜೊತೆ ಅರ್ಧ ತಾಸು ಮಾತಾಡಿ ಟೆನ್ಶನ್ ಎಂದು ಕಂಡುಹಿಡಿದರು. ಹಳದಿ ಗುಳಿಗೆ. ಆಮೇಲೆ ಗಂಡನ ಅಂಗಡಿಗೆ ಮನಗೂಳಿಯಿಂದ ಬರುವ ಗಿರಾಕಿಯೊಬ್ಬ ಬಸವನ ಬಾಗೇವಾಡಿಯಲ್ಲಿ ಒಬ್ಬರಿದ್ದಾರೆ, ಅವರ ಗುಳಿಗೆ "ಹೊಟ್ಟಿಗೂ ಚಲೋ, ಮನಸಿಗೂ ಚಲೋ" ಎಂದು ಹೇಳಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನನ್ನನ್ನು ನಾಲ್ಕು ತಾಲೂಕು ನಾಲ್ಕು ಕಡೆ ಎಳೆದವು. ಬಾಗೇವಾಡಿಯವರು ಕೊಟ್ಟದ್ದು ಬೇರೆ ಗುಳಿಗೆ, ಅದೇ ಜಾತಿಯ ಇನ್ನೂ ಜಬರದಸ್ತ್ ಅಣ್ಣ. ಹಳೆಯದು ಬಿಡು ಎಂದು ಅವರು ಹೇಳಲಿಲ್ಲ, ಬಿಡಲಾ ಎಂದು ನಾನು ಕೇಳಲಿಲ್ಲ. ಎರಡನ್ನೂ ತೆಗೆದುಕೊಂಡೆ. ಸಕ್ಕರೆ ಕರಗುವ ಪ್ರಯೋಗಕ್ಕೆ ಮೂರು ಗ್ಲಾಸು ಇಟ್ಟು ಹೋಲಿಸಿ ನೋಡಿ ಎಂದು ಪಾಠ ಮಾಡುವವಳು, ಮನೆಯ ಕಪಾಟಿನಲ್ಲಿದ್ದ ನಾಲ್ಕು ಪಟ್ಟಿಗಳ ಹಿಂದೆ ಬರೆದ ಸಣ್ಣ ಅಕ್ಷರ ಒಮ್ಮೆಯೂ ಓದಲಿಲ್ಲ. ಓದಿದ್ದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮೂರರದ್ದೂ ಒಂದೇ ಔಷಧ ಎಂದು ಅಂದೇ ತಿಳಿಯುತ್ತಿತ್ತು. ಬಣ್ಣ ಮಾತ್ರ ಊರಿಗೊಂದು.

ಇಷ್ಟರಲ್ಲಿ ನಾನು ಒಣಗಿದ್ದೆ. ರವಿಕೆಗಳನ್ನು ಎರಡು ಸಲ ಹಿಡಿಸಿಕೊಂಡೆ. ಬಳೆ ಮೊಣಕೈ ತನಕ ಏರುತ್ತಿತ್ತು. ತಾಟಿನ ಮುಂದೆ ಕೂರುವುದೆಂದರೆ ಹೆದರಿಕೆ. ಮದುವೆ ಮುಂಜಿಯ ಊಟಕ್ಕೆ ಹೋಗುವುದು ಬಿಟ್ಟೆ. ನಮ್ಮ ಕಡೆ ಪಂಕ್ತಿಯಲ್ಲಿ ಕೂತವಳಿಗೆ "ಇನ್ನೊಂದ ಹೋಳಿಗಿ, ಇನ್ನೊಂದ" ಎಂದು ತಾಟಿಗೆ ಒಗೆಯದಿದ್ದರೆ ಬಡಿಸುವವರಿಗೆ ಮರ್ಯಾದೆ ಇಲ್ಲ. ನನಗೆ ಆ ಪ್ರೀತಿ ಕಂಡರೆ ಕಣ್ಣಿಗೆ ನೀರು ಬರುತ್ತಿತ್ತು. ಹಸಿವು ಇರಲಿಲ್ಲವೆಂದಲ್ಲ. ಹಸಿವು ನಾಯಿಯ ಹಾಗೆ ಕಾದು ಕೂತಿರುತ್ತಿತ್ತು.

ಬಾಗೇವಾಡಿಯ ಗುಳಿಗೆ ಶುರುವಾಗಿ ಎರಡು ತಿಂಗಳಾಗಿರಬೇಕು, ನನ್ನ ಮುಟ್ಟು ನಿಂತಿತು.

ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಹೊರಗೆ ಕೂರುವ ಪದ್ಧತಿ ಇಲ್ಲ. ಎಣಿಸುವ ಪದ್ಧತಿ ಇದೆ. ಆ ನಾಲ್ಕು ದಿನ ದೇವರ ಜಗಲಿಗೆ ಹೂ ಏರಿಸುವುದು ಅತ್ತೆ, ಉಳಿದ ದಿನ ನಾನು. ಒಂದು ತಿಂಗಳು ಪೂರ್ತಿ ನಾನೇ ಏರಿಸಿದೆ, ಅತ್ತೆ ನೋಡಿದರು. ಎರಡನೇ ತಿಂಗಳೂ ನಾನೇ ಏರಿಸಿದೆ. ಅತ್ತೆ ಒಲೆಯ ಜೊತೆ ಮಾತಾಡುವುದನ್ನು ಬಿಟ್ಟು ನನ್ನ ಜೊತೆ ಮಾತಾಡತೊಡಗಿದರು. ಉಂಡದ್ದು ವಾಂತಿಯಾಗುತ್ತಿತ್ತು, ಮುಟ್ಟು ನಿಂತಿತ್ತು, ಮುಖ ಬಾಡಿತ್ತು, ಎದೆ ಭಾರವಾಗಿತ್ತು. ಎಂಟು ವರ್ಷ ಕಾದ ಮುದುಕಿಗೆ ಇನ್ನೇನು ಪುರಾವೆ ಬೇಕು? ಹುಣಸೆ ಚಿಗುರು ತರಿಸಿದರು. ಕೊಡ ನಾನು ಎತ್ತಬಾರದೆಂದರು. ನನ್ನ ಗಂಡ ಯಾವ ಕಾರಣವೂ ಇಲ್ಲದೆ ಅಂಗಡಿಯಿಂದ ಮಧ್ಯಾಹ್ನ ಮನೆಗೆ ಬಂದು, ನನ್ನನ್ನು ನೋಡಿ, ತಿರುಗಿ ಹೋಗುತ್ತಿದ್ದರು.

ಈಗ ನನ್ನ ಸರದಿ. ಇಷ್ಟು ಹೊತ್ತು ಎಲ್ಲರನ್ನೂ ಆಡಿಕೊಂಡೆನಲ್ಲ, ನನ್ನನ್ನು ಬಿಟ್ಟರೆ ನ್ಯಾಯವಲ್ಲ. ನಾನು ಮೆಡಿಕಲ್ ಅಂಗಡಿಯಿಂದ ಆ ಪರೀಕ್ಷೆಯ ಪಟ್ಟಿ ತಂದೆ. ಗುರುತಿನವರು ಇರುತ್ತಾರೆಂದು ಇಂಡಿಯಲ್ಲಿ ಕೊಳ್ಳದೆ, ಟ್ರೇನಿಂಗಿಗೆ ವಿಜಯಪುರಕ್ಕೆ ಹೋದಾಗ ತಂದೆ. ಒಂದೇ ಗೆರೆ ಬಂತು. ಒಂದು ಗೆರೆಗೆ ಏನು ಅರ್ಥ ಎಂದು ನನಗೆ ಗೊತ್ತು, ಪ್ಯಾಕೆಟ್ಟಿನ ಮೇಲೆ ಕನ್ನಡದಲ್ಲೂ ಬರೆದಿತ್ತು. ಆದರೆ ನಾನು ಆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ, ಓರೆ ಮಾಡಿದೆ, ಚಾಳೀಸು ಹಾಕಿಕೊಂಡು ನೋಡಿದೆ. ಎರಡನೇ ಗೆರೆಯ ಹಾಗೆ ಏನೋ ಇದೆ ಅಂದುಕೊಂಡೆ. ಬೇಗ ನೋಡಿಬಿಟ್ಟೆ, ಇನ್ನೂ ಎಂಟು ದಿನ ಬಿಟ್ಟು ನೋಡಬೇಕು ಅಂದುಕೊಂಡೆ. ಎಂಟು ದಿನ ಬಿಟ್ಟು ನೋಡಲಿಲ್ಲ. ನೋಡಿದರೆ ತಿಳಿದುಬಿಡುತ್ತದೆ ಎಂದು ನೋಡಲಿಲ್ಲ. ವಿಜ್ಞಾನದ ಟೀಚರು!

ಅಷ್ಟರಲ್ಲಿ ಅತ್ತೆ ಮುದ್ದೇಬಿಹಾಳಕ್ಕೆ ತಾವೇ ಫೋನ್ ಮಾಡಿದ್ದರು. ಮಾತು ನಿಂತಿದ್ದ ಬೀಗತಿಯರು ಒಂದು ತಾಸು ಮಾತಾಡಿದರಂತೆ. ಕಳ್ಳ ಕುಬಸಕ್ಕೆ ದಿನ ಗೊತ್ತಾಯಿತು.

ಕಳ್ಳ ಕುಬಸ ಅಂದರೆ ಬಸುರಿಯ ಮೊದಲ ತಿಂಗಳುಗಳಲ್ಲಿ, ಸುದ್ದಿ ಊರಿಗೆ ಬೀಳುವ ಮೊದಲು, ತವರಿನವರು ಸದ್ದಿಲ್ಲದೆ ಬಂದು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಾಯಿಗೆ ರುಚಿಯಾದದ್ದು ತಿನ್ನಿಸಿ ಹೋಗುವುದು. ಯಾರ ಕಣ್ಣೂ ಬೀಳಬಾರದೆಂದು ಕಳ್ಳತನ. ನಮ್ಮ ಓಣಿಯಲ್ಲಿ ಕಳ್ಳತನ ಹೇಗೆ ನಡೆಯುತ್ತದೆ ಎಂದರೆ, ಮುದ್ದೇಬಿಹಾಳದ ಜೀಪು ಬಾಗಿಲಿಗೆ ಬರುವ ಮೊದಲೇ ಎದುರುಮನೆಯ ಖಾಲಾ ತಮ್ಮ ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದರು. "ನಾ ಏನೂ ನೋಡಿಲ್ಲ ಬಿಡ್ರೆವ್ವಾ" ಎಂದು ಆಗಾಗ ಕೂಗಿ ಹೇಳುತ್ತಿದ್ದರು. ಕಡೆಗೆ ಅತ್ತೆ ಅವರನ್ನೂ ಒಳಗೆ ಕರೆದರು.

ಅವ್ವ ತಂದದ್ದು ಶೇಂಗಾ ಹೋಳಿಗೆ, ಕಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ. ಸಿಂದಗಿಯಿಂದ ನಾದಿನಿ ತಂದದ್ದು ಇನ್ನೊಂದು ಬುಟ್ಟಿ. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಹಸಿರು ಸೀರೆ ನನಗೆ ಮೂರು ಸುತ್ತು ಹೆಚ್ಚಾಗುತ್ತಿತ್ತು. ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು ಬಿದ್ದಾಗ ನನಗೆ ಅಳು ಬಂತು, ಅದು ಖುಷಿಯ ಅಳು ಎಂದು ಎಲ್ಲರಿಗೂ ಖುಷಿಯಾಯಿತು. ನನಗೂ ಖುಷಿಯೇ ಆಗಿತ್ತು, ಸುಳ್ಳು ಹೇಳುವುದಿಲ್ಲ. ಆ ಒಂದು ಮಧ್ಯಾಹ್ನ ನಾನು ಎಲ್ಲರೂ ಹೇಳಿದವಳೇ ಆಗಿದ್ದೆ.

ಆಮೇಲೆ ಬಾಯಿಗೆ ತುತ್ತು ಇಡುವ ಶಾಸ್ತ್ರ. ಐದು ಮಂದಿ, ಐದು ಕೈ. ಮೊದಲನೆಯದು ಅವ್ವನ ಹೋಳಿಗೆ. ಅದು ಎಂದಿನ ಜಾಗಕ್ಕೆ ಹೋಗಿ ನಿಂತಿತು. ಎರಡನೆಯದು ಅದರ ಮೇಲೆ ಕೂತಿತು. ಕೈ ಮೇಲೆತ್ತಿ ಕುಪ್ಪಳಿಸಲು ಮಣೆಯ ಮೇಲೆ ಅನುಕೂಲ ಇರಲಿಲ್ಲ. "ಸಾಕ್ರಿ" ಅಂದೆ. "ಒಬ್ಬಾಕಿ ಅಲ್ಲವ್ವಾ ನೀ ಈಗ, ಇಬ್ಬರದು ಉಣಬೇಕು" ಎಂದು ನಾದಿನಿ ಸಜ್ಜೆ ರೊಟ್ಟಿ ತುರುಕಿದಳು. ನಾಲ್ಕನೆಯದಕ್ಕೆ ನಾನು ಬಚ್ಚಲಿನ ಕಡೆ ಓಡಿದೆ. ಬಚ್ಚಲು ಮುಟ್ಟಲಿಲ್ಲ, ಹಿತ್ತಲ ಬಾಗಿಲಲ್ಲಿ ಇದ್ದ ಬಕೆಟ್ಟಿನಲ್ಲಿ ಎಲ್ಲ ಬಂತು.

ಒಳಗೆ ನಾದಿನಿ ಕೇಕೆ ಹಾಕಿದಳು. "ಗಂಡ ಕೂಸ ಐತಿ ನೋಡ್ರಿ! ಇಷ್ಟ ಜೋರ ವಾಂತಿ ಅಂದಮ್ಯಾಲ ಗಂಡ!" ಅವ್ವ ನಗುತ್ತ ಅಳುತ್ತಿದ್ದಳು. ಖಾಲಾ ಸೋಬಾನೆ ಹಾಡಿಗೆ ಚಪ್ಪಾಳೆ ಹಾಕುತ್ತಿದ್ದರು.

ಅತ್ತೆ ಬಕೆಟ್ ಎತ್ತಿಕೊಂಡರು. ಎಸೆಯಲು ಹೋದವರು ನಿಂತರು. ಬೆಳಕಿಗೆ ಹಿಡಿದು ನೋಡಿದರು. ಮೂಗಿನ ಹತ್ತಿರ ತಂದರು. ನನಗೆ ನಾಚಿಕೆಯಾಗಿ "ಬ್ಯಾಡ್ರಿ ಅತ್ತಿ, ನಾ ಚೆಲ್ತೇನಿ" ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಮೂಸಿದರು.

"ಹುಳಿ ವಾಸನಿ ಇಲ್ಲ" ಅಂದರು.

ನನಗೆ ತಿಳಿಯಲಿಲ್ಲ.

"ಹೋಳಿಗಿ ಈಗ ತಿಂದಿ, ಬಿಡು. ಇದು ಮುಂಜಾನಿ ಉಪ್ಪಿಟ್ಟು. ಸಾಸಿವಿ ಸೈತ ಹಂಗ ಅದಾವ. ಆರ ತಾಸ ಆತು. ಹೊಟ್ಟಿ ಕಂಡಿದ್ದರ ಹುಳಿ ಆಗತಿತ್ತು." ಬಕೆಟ್ಟನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಎಂಟು ವರ್ಷದಲ್ಲಿ ಅವರು ಅಷ್ಟು ಹೊತ್ತು ನನ್ನ ಮುಖ ನೋಡಿರಲಿಲ್ಲ. "ನಾಲ್ಕ ಬಾಣಂತನ ಮಾಡೇನಿ ನಾನು, ಬಸರಿನ ವಾಂತಿ ನನಗ ಗೊತ್ತೈತಿ. ಇದು ಆ ವಾಂತಿ ಅಲ್ಲ. ನೀ ಉಂಡದ್ದು ಹೊಟ್ಟಿಗೆ ಹೋಗೇ ಇಲ್ಲ."

ನಾಲ್ಕು ತಾಲೂಕಿನ ನಾಲ್ಕು ಡಾಕ್ಟರು ಮೂರು ವರ್ಷ ಕಂಡುಹಿಡಿಯದ್ದನ್ನು ಅಕ್ಷರ ಬಾರದ ಒಂದು ಮೂಗು ಹಿತ್ತಲ ಬಾಗಿಲಲ್ಲಿ ಕಂಡುಹಿಡಿಯಿತು. ಅದೂ ಯಾರ ಮೂಗು? ಅದು ಬಸುರೇ ಆಗಿರಲಿ ಎಂದು ಎಲ್ಲರಿಗಿಂತ ಹೆಚ್ಚು ಬಯಸಿದವರದ್ದು. ಸುಮ್ಮನೆ ಚೆಲ್ಲಿ ಬಂದಿದ್ದರೆ ಅವರಿಗೆ ಇನ್ನೂ ಒಂದು ತಿಂಗಳು ಮೊಮ್ಮಗ ಇರುತ್ತಿದ್ದ. ಒಳಗೆ ಹೋಗಿ "ಹಾಡ ಸಾಕು ಮಾಡ್ರಿ" ಅಂದರು.

ಮರುದಿನ ಮುಂಜಾನೆ ಮಗನಿಗೆ "ಸೊಲ್ಲಾಪುರಕ್ಕ ಗಾಡಿ ತಗಿ" ಅಂದರು, ತಾವೂ ಹತ್ತಿ ಕೂತರು. ಝಳಕಿಯಲ್ಲಿ ನನ್ನ ಗಂಡ ಅಭ್ಯಾಸಬಲದಿಂದ ಚಹಾ ಭಜಿಗೆ ಗಾಡಿ ನಿಲ್ಲಿಸಿದರು. "ಅಕಿ ಉಪಾಸ ಕುಂತಾಳ, ನೀ ಭಜಿ ತಿನ್ತಿ?" ಎಂದು ಅತ್ತೆ ಅಂದದ್ದಕ್ಕೆ, ತೆಗೆದುಕೊಂಡ ಭಜಿಯನ್ನು ಪೇಪರಿನಲ್ಲೇ ಇಟ್ಟು ಗಾಡಿ ಹೊಡೆದರು. ಸೊಲ್ಲಾಪುರದ ತನಕ ಗಾಡಿಯಲ್ಲಿ ಮೆಣಸಿನಕಾಯಿ ಭಜಿಯ ವಾಸನೆ.

ಅಲ್ಲಿಯ ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು. ಮರಾಠಿ ಬೆರೆಸಿ ಕನ್ನಡ ಮಾತಾಡುತ್ತಿದ್ದರು. ಚೀಟಿ ಬರೆಯಲಿಲ್ಲ, ಪೆನ್ನು ಕೂಡ ತೆಗೆಯಲಿಲ್ಲ.

"ಎಲ್ಲಿ ಸಿಗತೈತಿ? ಬೆರಳ ಇಟ್ಟ ತೋರಸ್ರಿ."

ತೋರಿಸಿದೆ.

"ರೊಟ್ಟಿ ಅಷ್ಟನೋ, ನೀರೂ ಸಿಗತೈತೋ?"

"ನೀರೂ ಸಿಗತೈತ್ರಿ."

ಮೂರು ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ಮಾತನ್ನು ಮಾತಿನ ಹಾಗೆ ಕೇಳಿದ್ದರು. ಅತ್ತೆ ನಡುವೆ ಬಾಯಿ ಹಾಕಿ ಬಕೆಟ್ಟಿನ ವಿಷಯ ಹೇಳಿದರು, ಹುಳಿ ವಾಸನೆ ಇಲ್ಲದ್ದು, ಸಾಸಿವೆ ಇಡಿಯಾಗಿ ಇದ್ದದ್ದು. ಡಾಕ್ಟರು ಕುರ್ಚಿ ಮುಂದಕ್ಕೆಳೆದು ಕೇಳಿದರು. "ಆಯಿ, ಅರ್ಧಾ ತಪಾಸಣಿ ನೀವ ಮುಗಿಸೀರಿ" ಅಂದರು.

ಎಕ್ಸ್‌ರೇಗೆ ಮೊದಲು ಹೆಂಗಸರಿಗೆ ಮಾಡುವ ಒಂದು ಪರೀಕ್ಷೆ ಇರುತ್ತದೆ. ನರ್ಸು ವರಾಂಡದಲ್ಲೇ ನಿಂತು "ನೆಗೆಟಿವ್ ಐತಿ, ಒಳಗ ಬರ್ರಿ" ಎಂದು ಕೂಗಿದಳು. ನಮ್ಮ ಅತ್ತೆಗೆ ಆ ಇಂಗ್ಲಿಷ್ ಶಬ್ದ ಗೊತ್ತು, ಕರೋನಾ ಕಾಲದಲ್ಲಿ ಕಲಿತದ್ದು. ಆಗ ಅದು ಒಳ್ಳೆಯ ಸುದ್ದಿಯಾಗಿತ್ತು. ನಾನು ಅವರ ಕಡೆ ನೋಡದೆ ಒಳಗೆ ಹೋದೆ.

ಕಲಸಿದ ಸುಣ್ಣದಂಥ ಬಿಳಿ ಔಷಧ ಕುಡಿಸಿ ಪರದೆಯ ಮೇಲೆ ನೋಡಿದರು. ನನ್ನ ಅನ್ನನಾಳ ಬೋರ್ಡಿನ ಮೇಲೆ ನಾನು ಬರೆಯುತ್ತಿದ್ದ ಕೊಳವೆಯ ಹಾಗಿರಲಿಲ್ಲ. ಗಜ್ಜರಿಯ ಹಾಗಿತ್ತು, ಮೇಲೆ ದಪ್ಪ, ಕೆಳಗೆ ಬಾಲ. ಔಷಧ ಬಾಲದ ತುದಿಯಲ್ಲಿ ನಿಂತಿತ್ತು. ಮುಂದಿನ ಸಲ ಮೂಗಿನಿಂದ ಸಪೂರ ನಳಿಕೆ ಇಳಿಸಿ, ಗುಟುಕು ಗುಟುಕು ನೀರು ಕುಡಿಸಿ ಒತ್ತಡ ಅಳೆದರು. ಗುಟುಕಿಗೊಂದು ಅಲೆ ಬರಬೇಕಿತ್ತು. ಒಂದೂ ಬರಲಿಲ್ಲ. ಇದಕ್ಕೆ ಅಕಲೇಸಿಯಾ ಅನ್ನುತ್ತಾರಂತೆ. ಅನ್ನನಾಳದ ಕೆಳಭಾಗದ ನರಗಳು ಸತ್ತಿದ್ದವು, ಹಿಂಡುವ ಅಲೆ ನಿಂತಿತ್ತು, ಹೊಟ್ಟೆಯ ಬಾಗಿಲು ತುತ್ತು ಬಂದಾಗ ತೆರೆಯುವುದನ್ನು ಮರೆತಿತ್ತು.

ಕೈಚೀಲದಿಂದ ನನ್ನ ಗುಳಿಗೆಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ಡಾಕ್ಟರು ಒಂದೊಂದಾಗಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು.

ನಾನು ನನ್ನ ವಿದ್ಯೆ ತೋರಿಸಿದೆ. "ಇವು ಪೆರಿಸ್ಟಾಲ್ಸಿಸ್ ಹೆಚ್ಚ ಮಾಡ್ತಾವಲ್ರಿ?"

"ಹೊಟ್ಟಿಯೊಳಗ ಮಾಡ್ತಾವು. ಹೊಟ್ಟಿ ಲಗೂನ ಖಾಲಿ ಆಗತೈತಿ. ಅನ್ನನಾಳದ ಅಲಿಗ ಇವುಗಳ ಉಪಯೋಗ ಅಷ್ಟಕ್ಕಷ್ಟ. ನಿಮಗಂತೂ ಅಲಿನ ಇಲ್ಲ, ಇಲ್ಲದ್ದನ್ನ ಏನ ಹೆಚ್ಚ ಮಾಡೂದು? ಆದರ ಕೆಳಗಿನ ಬಾಗಲಾ ಇರತೈತಲ್ರಿ, ಅದನ್ನ ಮಾತ್ರ ಸ್ವಲ್ಪ ಬಿಗಿ ಮಾಡ್ತಾವು. ಹುಳಿ ಮ್ಯಾಲ ಬರವರಿಗೆ ಅದು ಚಲೋ. ನಿಮ್ಮ ಬಾಗಲಾ ಮೊದಲ ತೆರಿವಲ್ದು, ಅದಕ್ಕ ನೀವು ಮತ್ತೊಂದ ಚಿಲಕಾ ಹಾಕ್ಕೋತ ಬಂದೀರಿ."

ಇಷ್ಟು ದಿನ ಬರಿಹೊಟ್ಟೆಯಲ್ಲಿ, ಶ್ರದ್ಧೆಯಿಂದ ನಾನು ಮಾಡಿದ ಕೆಲಸ ಅದು. ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಗಂಡನ ಮೇಲೆ ಹಾಕಿದೆ. ಅವರು ಅದಕ್ಕೆ ಒಗ್ಗಿದ್ದಾರೆ.

"ಮುಟ್ಟು ನಿಂತಿರಬೇಕಲ್ಲ?" ಎಂದು ಡಾಕ್ಟರು ತಾವಾಗಿ ಕೇಳಿದರು, ಪಟ್ಟಿಗಳನ್ನು ನೋಡುತ್ತಲೇ. ಅತ್ತೆ ಗೋಡೆಯ ಕಡೆ ನೋಡಿದರು. "ಈ ಗುಳಿಗಿ ಕೆಲವರಿಗೆ ಹಂಗ ಮಾಡ್ತಾವು. ತಲಿಯೊಳಗಿನ ಗ್ರಂಥಿಗೆ ಹಾಲ ಬೇಕಾಗೇತಿ ಅಂತ ಸುಳ್ಳ ಸುದ್ದಿ ಕೊಡ್ತಾವು. ಅದು ನಂಬತೈತಿ. ನೀವು ಎರಡೆರಡ ತಗೊಂಡೀರಿ. ಗುಳಿಗಿ ಬಿಡ್ರಿ, ಮುಟ್ಟು ತಾನ ಬರತೈತಿ."

ಗ್ರಂಥಿ ಒಂದೇ ನಂಬಿದ್ದರೆ ಪರವಾಗಿರಲಿಲ್ಲ.

ಬಲೂನು ಇಳಿಸಿ ಆ ಬಾಗಿಲನ್ನು ಹಿಗ್ಗಿಸಿದರು. ಅದರ ನೋವಿನ ಕಥೆ ಹೇಳಿ ಯಾರನ್ನೂ ಹೆದರಿಸುವುದಿಲ್ಲ. ಮೊದಲು ನೀರು, ಆಮೇಲೆ ಗಂಜಿ, ಮಜ್ಜಿಗೆ ಅನ್ನ. ಸತ್ತ ನರ ಏಳುವುದಿಲ್ಲ, ಅಲೆ ಬರುವುದಿಲ್ಲ, ಬಾಗಿಲು ಮತ್ತೆ ಬಿಗಿಯಾದರೆ ಮತ್ತೆ ಬರಬೇಕು, ಇನ್ನು ಮೇಲೆ ಊಟ ತನ್ನ ಭಾರಕ್ಕೆ ತಾನೇ ಇಳಿಯಬೇಕು, ಆದ್ದರಿಂದ ನೆಟ್ಟಗೆ ಕೂತು ಅಗಿದು ಉಣ್ಣಿ ಎಂದು ಹೇಳಿ ಕಳಿಸಿದರು. ತಲೆ ಕೆಳಗೆ ಮಾಡಿ ನಿಂತರೂ ಇಳಿಯುತ್ತದೆ ಎಂಬ ಮಾತನ್ನು ಈಗ ಪಾಠದಲ್ಲಿ ಹೇಳುವಾಗ "ಬಹಳಷ್ಟು ಜನರಿಗೆ" ಎಂದು ಸೇರಿಸುತ್ತೇನೆ.

ಗುಳಿಗೆ ಬಿಟ್ಟು ಇಪ್ಪತ್ತು ದಿನವಾಗಿರಬೇಕು, ಒಂದು ರವಿವಾರ ಮುಂಜಾನೆ ಮುಟ್ಟಾಯಿತು. ಬರುತ್ತದೆ ಎಂದು ಡಾಕ್ಟರು ಹೇಳಿದ್ದರು, ಬರಬೇಕು ಎಂದು ನನಗೂ ಗೊತ್ತಿತ್ತು. ಬಚ್ಚಲಲ್ಲಿ ನಳ ಬಿಟ್ಟು ನಾನು ಅತ್ತುಬಿಟ್ಟೆ. ಇರದೇ ಇದ್ದ ಒಂದು ಜೀವಕ್ಕೆ ಎಷ್ಟು ಅಳಬಹುದೋ ಅಷ್ಟೂ ಅತ್ತುಕೊಂಡೆ. ಹೊರಗೆ ಬಂದಾಗ ದೇವರ ಜಗಲಿಯ ಮೇಲೆ ಹೂ ಏರಿತ್ತು. ನಾನು ಏನೂ ಹೇಳಿರಲಿಲ್ಲ, ನಳದ ಸದ್ದು ಕೇಳಿಯೇ ಅತ್ತೆ ಏರಿಸಿದ್ದರು.

"ಉಣ್ಣಾಕ ಬಾ" ಅಂದರು ಅತ್ತೆ. ಅಂದು ಮೊದಲ ಸಲ ಗಂಜಿ ಇಟ್ಟಿರಲಿಲ್ಲ. ಒಲೆಯ ಮುಂದೆ ಕೂರಿಸಿ ಕೆಂಡದ ಮೇಲಿಂದ ತೆಗೆದ ಬಿಸಿ ಜೋಳದ ರೊಟ್ಟಿ ಹಾಕಿದರು, ಮೆತ್ತಗಿನದು, ಮೇಲೆ ಬೆಣ್ಣೆ. ಮುರಿದೆ, ಅಗಿದೆ, ನುಂಗಿದೆ. ಅತ್ತೆ ಲಟಪಟ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಗಂಟಲನ್ನೇ ನೋಡುತ್ತಿದ್ದರು. ಹೋಯಿತು. ಎರಡನೆಯ ತುತ್ತೂ ಹೋಯಿತು. ಕಣ್ಣೀರು ಇನ್ನೂ ನಿಂತಿರಲಿಲ್ಲ, ನಾನು ಮೂಗು ಒರೆಸಿಕೊಳ್ಳುತ್ತ ಉಣ್ಣುತ್ತಿದ್ದೆ.

ಆಗ ಬಾಗಿಲಲ್ಲಿ ದನಿ. ಖಾಲಾ, ಜೊತೆಗೆ ಓಣಿಯ ಇನ್ನಿಬ್ಬರು. ಬಸುರಿಯ ಬಾಯಿಗೆಂದು ಒಂದು ಭರಣಿ ಮಾವಿನಕಾಯಿ ಉಪ್ಪಿನಕಾಯಿ ತಂದಿದ್ದರು. ಸೊಲ್ಲಾಪುರದ ಸುದ್ದಿ ನಾವು ಯಾರಿಗೂ ಹೇಳಿರಲಿಲ್ಲ. "ಎಷ್ಟ ತಿಂಗಳಾತ್ರಿ ಈಗ?" ಎಂದು ಖಾಲಾ ಹೊಸ್ತಿಲಲ್ಲೇ ಕೇಳಿದರು.

ನನ್ನ ಕೈ ತಾಟಿನ ಮೇಲೆ ನಿಂತಿತು. ಗುಲಾಬಿ ನೀರು ಚಿಮುಕಿಸಿದ ಹಾಗೆ ಮಾತಾಡಿ ಸಾಗಹಾಕುವುದು ಅತ್ತೆಗೆ ಬರುವುದಿಲ್ಲ, ಬೈದು ಕಳಿಸುತ್ತಾರೋ, ನನ್ನ ಮೇಲೆ ಹಾಕುತ್ತಾರೋ ಎಂದು ಕಾದೆ. ಓಣಿಯಲ್ಲಿ ಇಂಥ ಸುದ್ದಿ ಸುಳ್ಳಾದರೆ ಅದು ಯಾವಾಗಲೂ ಸೊಸೆಯ ತಪ್ಪೇ.

ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋದರು.

"ಬಸರಲ್ಲವ್ವಾ. ನಂದ ತಪ್ಪ ತಿಳುವಳಿಕಿ. ಹೊಟ್ಟಿಗೆ ಏನೂ ಇಳೀದ ಮೂರ ವರ್ಷ ಉಪಾಸ ಇದ್ಲು ನನ್ನ ಮನ್ಯಾಗ, ನನಗ ತಿಳೀಲಿಲ್ಲ."

ಖಾಲಾ "ಯಾ ಅಲ್ಲಾ" ಎಂದು ಸಣ್ಣಗೆ ಅಂದದ್ದು ಕೇಳಿಸಿತು, ಭರಣಿಯನ್ನು ವಾಪಸ್ ಎತ್ತಿಕೊಂಡ ಸದ್ದೂ ಕೇಳಿಸಿತು.

"ಅದನ್ನ ಎಲ್ಲಿ ಒಯ್ತಿ?" ಅಂದರು ಅತ್ತೆ. "ಇಟ್ಟ ಹೋಗು. ಉಣ್ಣಾಕತ್ತಾಳ."